ಕಲ್ಲಮ್ಮ ತಿಳುವಳಿಕೆಯಿಂದ ನಡೆದುಕೊಂಡದ್ದು

‘ತಿಳುವಳಿಕೆಯಿಂದ’ ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಈಗಲೂ ಮೈ ಉರಿಯುತ್ತದೆ. ಶಾಲೆಯ ಮೇಷ್ಟರನ್ನು ಕೇಳಿದರೆ ಅವರು ಅದಕ್ಕೆ ಚೆಂದದ ಅರ್ಥ ಹೇಳಿಯಾರು: ಹಿಂದುಮುಂದು ನೋಡಿ, ದುಡುಕದೆ, ಬಲಿತ ಬುದ್ಧಿಯವರು ಮಾಡುವ ರೀತಿಯಲ್ಲಿ. ಹೇಳಿಕೊಳ್ಳಲಿ, ನನ್ನದೇನೂ ಅಭ್ಯಂತರವಿಲ್ಲ. ನಾನು ಹುಟ್ಟಿ ಬೆಳೆದ ಹುಲಿಕಾನು ಎಸ್ಟೇಟಿನಲ್ಲಿ ಆ ಮಾತನ್ನು ಯಾರು ಯಾರಿಗೆ ಹೇಳುತ್ತಿದ್ದರು ಎಂಬುದಷ್ಟೇ ನನಗೆ ಗೊತ್ತು. ಸಿಟ್ಟು ಬಂದಾಗ ಬಿಸಿ ಕಾಫಿಯನ್ನು ಆಳಿನ ಮುಖಕ್ಕೆ ಎರಚುತ್ತಿದ್ದ ಸಾಹುಕಾರರಿಗೆ ಯಾರೂ ಅದನ್ನು ಹೇಳಲಿಲ್ಲ. ಮುಖ ಸುಟ್ಟುಕೊಂಡು ಆಳುಗಳ ಮನೆಸಾಲಾದ ಲೈನಿಗೆ ಬಂದವನಿಗೆ ಹೇಳುತ್ತಿದ್ದರು, ‘ಇರ್ಲಿ ಬಿಡು ಮಾರಾಯ, ತಿಳುವಳಿಕೆಯಿಂದ ಹೋಗು’ ಅಂತ. ಎಲ್ಲರಿಗಿಂತ ಹೆಚ್ಚಾಗಿ ಅದನ್ನು ಹೇಳಿಸಿಕೊಂಡವಳು ಕಲ್ಲಮ್ಮ. ಮೊದಲ ಸಲ ಹೇಳಿಸಿಕೊಂಡಾಗ ಅವಳಿಗೆ ಇನ್ನೂ ಹಾಲುಹಲ್ಲು ಪೂರ್ತಿ ಬಿದ್ದಿರಲಿಲ್ಲ.

ಹುಲಿಕಾನು ಇದ್ದದ್ದು ಕೊಟ್ಟಿಗೆಹಾರಕ್ಕೆ ಅರ್ಧ ದಿನದ ಗಾಡಿದಾರಿಯಲ್ಲಿ. ಒಡೆಯರು ಸೋಮಶೇಖರಪ್ಪನವರು; ನಮಗೆಲ್ಲ ಬರೀ ಸಾಹುಕಾರರು. ಅವರ ಕೈಕೆಳಗೆ ಹಾಜರಿ ಹಾಕುವ ರೈಟರ್ ರಮಾಕಾಂತಯ್ಯ, ರೈಟರ ಕೈಕೆಳಗೆ ಆಳುಗಳನ್ನು ಕರೆತಂದು ದುಡಿಸುವ ಮೇಸ್ತ್ರಿ ಗಿಡ್ಡಪ್ಪ. ಮೊದಲನೇ ಮಹಾಯುದ್ಧ ಮುಗಿದು ಕೆಲವು ವರ್ಷವಾಗಿತ್ತಂತೆ, ಕಡೂರಿನ ಕಡೆಯಿಂದ ಗಿಡ್ಡಪ್ಪ ಕರೆತಂದ ಗುಂಪಿನಲ್ಲಿ ಒಬ್ಬ ವಿಧವೆಯೂ ಅವಳ ಮಗಳೂ ಇದ್ದರು. ಬಂದ ವರ್ಷವೇ ತಾಯಿಗೆ ಚಳಿಜ್ವರ ಹಿಡಿದು ಸತ್ತಳು. ಮಣ್ಣು ಮಾಡಿ ಬಂದ ಮೇಲೆ ಮಗಳು ಅಳಲಿಲ್ಲ. ತಾಯಿ ಹಣ್ಣು ಕೊಯ್ಯುತ್ತಿದ್ದ ಬುಟ್ಟಿಯನ್ನು ತೊಳೆದು ಅಂಗಳದಲ್ಲಿ ಬೋರಲು ಹಾಕಿದಳು. ಆ ಹುಡುಗಿಯೇ ಕಲ್ಲಮ್ಮ.

ಗಿಡ್ಡಪ್ಪ ಅದನ್ನು ನೋಡಿ ಲೈನಿನವರನ್ನೆಲ್ಲ ಕರೆದು ತೋರಿಸಿದನಂತೆ.

“ನೋಡ್ರೋ ಈ ಕೂಸಿನ್ ತಿಳುವಳಿಕೆ! ಸುಮ್‌ಸುಮ್ನೆ ರಾಗ ಎಳೆಯೋರು ಇದನ್ನ ನೋಡಿ ಕಲೀಬೇಕು.”

ಅಳದ ಮಗುವನ್ನು ಕಂಡರೆ ದೊಡ್ಡವರಿಗೆ ಬಹಳ ಅನುಕೂಲ. ಮಾರನೆಯ ಬೆಳಿಗ್ಗೆಯೇ ಗಿಡ್ಡಪ್ಪ ಅವಳನ್ನು ಜೋಲಿ ಕಾಯುವ ಕೆಲಸಕ್ಕೆ ಹಚ್ಚಿದ.

ಜೋಲಿ ಕಾಯುವುದೆಂದರೆ ಇಷ್ಟು. ಕೊಯ್ಲಿನ ಕಾಲದಲ್ಲಿ ಬಾಣಂತನ ಮುಗಿಸಿದ ಹೆಂಗಸರು ಕೂಸನ್ನು ಲೈನಿನಲ್ಲಿ ಬಿಟ್ಟು ಬರುವ ಹಾಗಿರಲಿಲ್ಲ, ನೋಡಿಕೊಳ್ಳಲು ಅಲ್ಲಿ ಯಾರೂ ಇರುತ್ತಿರಲಿಲ್ಲ. ತೋಟಕ್ಕೇ ತಂದು, ನೆರಳಿನ ಮರದ ತಗ್ಗಿನ ಕೊಂಬೆಗೆ ಹಳೆ ಸೀರೆಯ ಜೋಲಿ ಕಟ್ಟಿ ಮಲಗಿಸುತ್ತಿದ್ದರು. ಎಲ್ಲ ಜೋಲಿಗಳಿಗೂ ಸೇರಿ ಒಂದು ಹುಡುಗಿ ಕಾವಲು. ಗಿಡದ ಸಾಲುಗಳ ನಡುವೆ ಎಲ್ಲೋ ಇರುವ ತಾಯಂದಿರು ಆ ಹುಡುಗಿ ಇದ್ದಾಳೆಂಬ ಧೈರ್ಯದ ಮೇಲೆ ಹಣ್ಣು ಕೊಯ್ಯುತ್ತಿದ್ದರು. ನಮ್ಮ ಎಸ್ಟೇಟಿನ ಜೋಲಿ ಮರ ಒಂದು ಮುದಿ ಹಲಸು. ಕಲ್ಲಮ್ಮ ಬಂದ ಮೇಲೆ ಮರದ ಬುಡಕ್ಕೆ ಬೂದಿ ಸುರಿದು ಚಗಳಿ ಇರುವೆ ಹತ್ತದಂತೆ ಮಾಡಿದಳು. ಜೋಲಿಗಳನ್ನೆಲ್ಲ ಒಂದೇ ಹಗ್ಗಕ್ಕೆ ಪೋಣಿಸಿ, ನಡುವೆ ಕೂತು ಹಗ್ಗ ಎಳೆದರೆ ಎಲ್ಲವೂ ಒಟ್ಟಿಗೆ ತೂಗುವ ಹಾಗೆ ಉಪಾಯ ಮಾಡಿದಳು. ಹೆಂಗಸರು ಮೆಚ್ಚಿಕೊಂಡು ಸರದಿಯ ಮೇಲೆ ಅವಳಿಗೆ ಅನ್ನ ಹಾಕುತ್ತಿದ್ದರು.

ಆ ಜೋಲಿಗಳಲ್ಲಿ ಒಂದರಲ್ಲಿ ನನ್ನ ಅಕ್ಕ ಮಲಗಿರುತ್ತಿತ್ತು. ನನ್ನ ಅಮ್ಮ ದ್ಯಾವಮ್ಮನ ಮೊದಲ ಕೂಸು. ಹೆಸರು ಇಡುವುದರೊಳಗೇ ಹೋದದ್ದರಿಂದ ಅದನ್ನು ನಾನು ಅಕ್ಕ ಎಂದಷ್ಟೇ ಹೇಳಬೇಕು.

ಎಸ್ಟೇಟಿನಲ್ಲಿ ಎಲ್ಲಕ್ಕಿಂತ ಮೇಲಿನ ಕಾನೂನು ಒಂದಿತ್ತು. ಪಾರ್ಚ್‌ಮೆಂಟ್ ಕಾಫಿ, ಅಂದರೆ ಹಣ್ಣಿನ ಸಿಪ್ಪೆ ತೆಗೆದು ತೊಳೆದ ಬೀಜ, ಕಣದಲ್ಲಿ ಒಣಗುತ್ತಿರುವಾಗ ಮೋಡ ಕಟ್ಟಿದರೆ ರೈಟರು ಗಂಟೆ ಹೊಡೆಸುತ್ತಿದ್ದರು. ಗಂಟೆ ಕೇಳಿದರೆ ಕೊಯ್ಯುತ್ತಿರಲಿ, ಉಣ್ಣುತ್ತಿರಲಿ, ಹೇಲುತ್ತಿರಲಿ, ಎದ್ದು ಕಣಕ್ಕೆ ಓಡಬೇಕು. ಕಾಫಿ ಗುಡ್ಡೆ ಮಾಡಿ ಟಾರ್ಪಾಲು ಹೊದಿಸಿ, ಗಾಳಿಗೆ ಹಾರದಂತೆ ಅಂಚು ಹಿಡಿದು ಮಳೆ ನಿಲ್ಲುವವರೆಗೂ ನಿಲ್ಲಬೇಕು. ಒಮ್ಮೆ ನೆಂದ ಪಾರ್ಚ್‌ಮೆಂಟಿನ ಬಣ್ಣ ಕೆಡುತ್ತದೆ, ಮುಗ್ಗಲು ವಾಸನೆ ಹತ್ತುತ್ತದೆ. ಅಂಚು ಬಿಟ್ಟು ಹೋದವರಿಗೆ ಆ ದಿನದ ಹಾಜರಿ ಇಲ್ಲ, ಮಾರನೆಯ ದಿನ ಕೆಲಸವೂ ಇಲ್ಲ.

ಆ ವರ್ಷ ಕೊಯ್ಲಿನ ನಡುವೆ ಒಂದು ಮಧ್ಯಾಹ್ನ ಅಕಾಲ ಮಳೆ ಬಂತು. ಗಂಟೆ ಹೊಡೆಯಿತು. ಹೆಂಗಸರೆಲ್ಲ ಬುಟ್ಟಿ ಬಿಸಾಕಿ ಓಡಿದರು. ಕೂಸುಗಳ ಹತ್ತಿರ ಕಲ್ಲಮ್ಮ ಇದ್ದಾಳಲ್ಲ ಎಂದುಕೊಂಡು ಅಮ್ಮನೂ ಓಡಿದಳು. ಎಲ್ಲರ ಹಿಂದೆ ಬರುತ್ತಿದ್ದ ಗಿಡ್ಡಪ್ಪ ಹಲಸಿನ ಮರದ ಕೆಳಗೆ ನಿಂತ ಹುಡುಗಿಯನ್ನು ನೋಡಿದ. ಟಾರ್ಪಾಲಿನ ಅಡಿಗೆ ನುಸುಳಿ ಅಂಚಿನ ಕಾಫಿಯನ್ನು ಒಳಕ್ಕೆ ತಳ್ಳಲು ಚಿಕ್ಕ ಮೈಯವರು ಬೇಕಾಗುತ್ತಿದ್ದರು.

“ಏಯ್ ಕಲ್ಲಿ, ಗಂಟೆ ಕೇಳ್ಲಿಲ್ವಾ? ನೋಡ್ತಾ ನಿಂತಿದೀಯಲ್ಲ, ತಿಳುವಳಿಕೆ ಬ್ಯಾಡ್ವಾ? ಓಡು ಕಣಕ್ಕೆ!”

“ಕೂಸುಗಳು...”

“ಮರದ್ ಕೆಳಗಿದಾವೆ, ಏನಾಗಲ್ಲ. ತಿಳುವಳಿಕೆಯಿಂದ ಹೇಳ್ದಂಗೆ ಕೇಳು.”

ಅವಳು ಹೇಳಿದ ಹಾಗೆ ಕೇಳಿದಳು. ಕಣಕ್ಕೆ ಓಡಿ ಟಾರ್ಪಾಲಿನ ಅಡಿಗೆ ನುಸುಳಿದಳು.

ಇಲ್ಲಿಂದ ಮುಂದಿನದನ್ನು ನಾನು ಮುಚ್ಚಿಡುವುದಿಲ್ಲ, ನನ್ನ ಅಮ್ಮನದಾದರೂ ಸರಿ. ಟಾರ್ಪಾಲಿನ ಇನ್ನೊಂದು ಅಂಚಿನಿಂದ ಹುಡುಗಿಯ ತಲೆ ಹೊರಗೆ ಬಂದದ್ದು ಅಮ್ಮನ ಕಾಲ ಬುಡದಲ್ಲೇ. ಅಮ್ಮ ನೋಡಿದಳು. ಕೂಸುಗಳ ಹತ್ತಿರ ಯಾರೂ ಇಲ್ಲ ಎಂದು ಆ ಕ್ಷಣವೇ ಅವಳಿಗೆ ಗೊತ್ತಾಯಿತು. “ಅಯ್ಯೋ ನನ್ ಕೂಸು” ಎಂದು ಅಂಚು ಬಿಡಹೋದಳು. ಕೊಡೆ ಹಿಡಿದು ನಿಂತಿದ್ದ ರೈಟರ್ ರಮಾಕಾಂತಯ್ಯ, “ದ್ಯಾವಮ್ಮ, ಬಿಟ್ರೆ ನಾಳೆಯಿಂದ ಬರೋದು ಬೇಡ” ಎಂದರು. ಅಮ್ಮ ಬಿಡಲಿಲ್ಲ. ಮಿಕ್ಕ ತಾಯಂದಿರೂ ಬಿಡಲಿಲ್ಲ. ಗಾಳಿಗೆ ಆಲಿಕಲ್ಲು ಸಿಡಿಯುತ್ತಿದ್ದರೂ ಅಷ್ಟೂ ಹೆಂಗಸರು ಹಲ್ಲು ಕಚ್ಚಿ ಕಾಫಿಯನ್ನು ಹಿಡಿದುಕೊಂಡು ನಿಂತರು.

ಆ ದಿನ ಒಂದು ಕಾಳೂ ನೆನೆಯಲಿಲ್ಲ. ಜೋಲಿಗಳು ನೆಂದು ಕೆರೆಯಾಗಿದ್ದವು. ಮಿಕ್ಕ ಕೂಸುಗಳು ಕೆಮ್ಮಿ ಸೀನಿ ಬದುಕಿಕೊಂಡವು. ನನ್ನ ಅಕ್ಕನಿಗೆ ಎದೆ ಕಟ್ಟಿ ಮೂರನೆಯ ದಿನ ಉಸಿರು ನಿಂತಿತು.

ಪಂಚಾಯಿತಿ ಸಾಹುಕಾರರ ಜಗಲಿಯ ಮೇಲೆ ನಡೆಯಿತು. ಅವರು ಕುರ್ಚಿಯಲ್ಲಿ, ರೈಟರು ಪಕ್ಕದಲ್ಲಿ, ನಮ್ಮವರೆಲ್ಲ ಅಂಗಳದಲ್ಲಿ. ನಡುವೆ ಕಲ್ಲಮ್ಮನನ್ನು ನಿಲ್ಲಿಸಿದ್ದರು.

“ಯಾಕೆ ಬಿಟ್ಟು ಹೋದೆ?” ಎಂದರು ಸಾಹುಕಾರರು.

“ಮೇಸ್ತ್ರಣ್ಣ ಕರೆದ್ರು.”

“ಸುಳ್ಳು ಸಾವ್ಕಾರ್ರೇ!” ಎಂದ ಗಿಡ್ಡಪ್ಪ. “ನಾನು ಆ ಕಡೆ ತಿರುಗೂ ನೋಡಿಲ್ಲ. ಕಣದಾಗೆ ಗದ್ದಲ ಕೇಳಿ ಆಟಕ್ಕೆ ಓಡಿ ಬಂದದೆ.”

ಅವನು ಕರೆದದ್ದನ್ನು ಮುಂದೆ ಓಡುತ್ತಲೇ ಕೇಳಿಸಿಕೊಂಡವರು ಅಂಗಳದಲ್ಲಿ ನಾಲ್ಕಾರು ಜನ ಇದ್ದರು. ರೈಟರು ಅಮ್ಮನಿಗೆ ಹೇಳಿದ್ದನ್ನು ಕೇಳಿಸಿಕೊಂಡವರು ಅದಕ್ಕಿಂತ ಹೆಚ್ಚು ಇದ್ದರು. ಎಲ್ಲರೂ ನೆಲ ನೋಡಿದರು. ಅಮ್ಮನೂ ನೆಲ ನೋಡಿದಳು. ಮೇಸ್ತ್ರಿಯ ತಪ್ಪು ಎಂದರೆ ರೈಟರ ತಪ್ಪು ಬರುತ್ತದೆ, ರೈಟರ ತಪ್ಪು ಎಂದರೆ ಟಾರ್ಪಾಲು ಬಿಡದ ತನ್ನ ಕೈಯೂ ಲೆಕ್ಕಕ್ಕೆ ಬರುತ್ತದೆ. ಕಲ್ಲಮ್ಮನ ತಪ್ಪು ಎಂದರೆ ಅಲ್ಲಿಗೇ ನಿಲ್ಲುತ್ತದೆ, ಅವಳ ಹಿಂದೆ ಯಾರೂ ಇರಲಿಲ್ಲ.

“ನಿಂಗೆ ತಿಳುವಳಿಕೆ ಇದೆ ಅಂತ ತಾನೇ ಕೂಸುಗಳನ್ನ ನಿನ್ನ ಕೈಗೆ ಕೊಟ್ಟಿದ್ದು?” ಎಂದರು ಸಾಹುಕಾರರು. “ಸಣ್ಣ ಮಗು ಅಂತ ಯಾರೂ ಕೊಟ್ಟಿರ್ಲಿಲ್ಲ. ತಿಳುವಳಿಕೆಯಿಂದ ನಡ್ಕೋಬೇಕಿತ್ತು.”

ತೀರ್ಪನ್ನೂ ಅವರೇ ಕೊಟ್ಟರು. ದ್ಯಾವಮ್ಮನ ಮಗಳು ಹೋಯಿತಲ್ಲ, ಆ ಮಗಳ ಜಾಗದಲ್ಲಿ ಈ ಹುಡುಗಿ ಇರಲಿ. ದುಡಿದದ್ದೆಲ್ಲ ಆ ಮನೆಗೆ. ದ್ಯಾವಮ್ಮ ಬಿಡುವವರೆಗೂ ಎಲ್ಲೂ ಹೋಗಕೂಡದು. ಮಗಳು ಹೋದ ಮನೆಗೆ ಮಗಳು, ದಿಕ್ಕಿಲ್ಲದವಳಿಗೆ ಮನೆ. ತಮ್ಮ ತೀರ್ಪು ಅವರಿಗೆ ಎಷ್ಟು ಹಿಡಿಸಿತೆಂದರೆ, ಮನೆಗೆ ಬಂದ ನೆಂಟರಿಗೆಲ್ಲ ಅದನ್ನು ಬಹಳ ವರ್ಷ ಹೇಳುತ್ತಿದ್ದರಂತೆ.

ಹೀಗೆ ಕಲ್ಲಮ್ಮ ನಮ್ಮ ಮನೆಗೆ ಬಂದಳು. ಅಪ್ಪ ಮರ ಕೊಯ್ಯುವ ಕೆಲಸಕ್ಕೆಂದು ಕಾಡಿನಲ್ಲೇ ಇರುತ್ತಿದ್ದುದರಿಂದ ಮನೆಯಲ್ಲಿ ಅಮ್ಮನದೇ ದರ್ಬಾರು. ನೀರು, ಸೌದೆ, ಮುಸುರೆ ಎಲ್ಲ ಕಲ್ಲಮ್ಮನದು. ಊಟ ಕೊನೆಗೆ. ಕೆಲಸದವಳೊಬ್ಬಳನ್ನು ಹೀಗೆ ನಡೆಸಿಕೊಳ್ಳುವುದು ನಮ್ಮ ಕಡೆ ದೊಡ್ಡ ಸಂಗತಿಯೇನಲ್ಲ. ಅಮ್ಮ ಅದಕ್ಕಿಂತ ಮುಂದೆ ಹೋದಳು. ವರ್ಷದ ಮೊದಲ ಮಳೆ ಬಿದ್ದ ದಿನ ಅವಳನ್ನು ಅಂಗಳಕ್ಕೆ ತಳ್ಳಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. “ನನ್ ಕೂಸು ನೆಂದಂಗೆ ನೆನಿ” ಎನ್ನುತ್ತಿದ್ದಳು. ಇಡೀ ಮಳೆಗಾಲ ನಿಲ್ಲಿಸಿದರೆ ಸತ್ತುಹೋಗುತ್ತಾಳೆ, ನೀರು ಹೊರುವವರು ಯಾರು? ಹಾಗಾಗಿ ಮೊದಲ ಮಳೆ ಮಾತ್ರ.

ಕಾಫಿ ಸೀಮೆಯಲ್ಲಿ ವರ್ಷದ ಮೊದಲ ಮಳೆಯೆಂದರೆ ಹೂಮಳೆ. ಬೇಸಿಗೆಯಲ್ಲಿ ಅದೊಂದು ಬಿದ್ದರೆ ವಾರದೊಳಗೆ ತೋಟವೆಲ್ಲ ಬೆಳ್ಳಗೆ ಹೂ ಬಿಟ್ಟು ಘಮಘಮ ಅನ್ನುತ್ತದೆ. ಸಾಹುಕಾರರು ಲೈನಿಗೆಲ್ಲ ಬೆಲ್ಲ ಹಂಚುತ್ತಿದ್ದರು. ನಾವು ಮಕ್ಕಳು ಬೆಲ್ಲ ಚೀಪುತ್ತ ಕಿಟಕಿಯಲ್ಲಿ ನೋಡುತ್ತಿದ್ದೆವು, ಕಲ್ಲಮ್ಮ ಅಂಗಳದ ನಡುವೆ ಕೈಕಟ್ಟಿ ನಿಂತಿರುತ್ತಿದ್ದಳು. ಅಕ್ಕಪಕ್ಕದ ಹೆಂಗಸರಿಗೆ ಅವಳನ್ನು ಕಂಡರೆ ಕನಿಕರವೇ. “ಒಂದು ಮಾತೂ ಎದುರಾಡಲ್ಲ, ಪಾಪ, ಎಷ್ಟು ತಿಳುವಳಿಕೆಯಿಂದ ನಿಂತದೆ ನೋಡು” ಎಂದು ಹೊಗಳಿ ತಮ್ಮ ಬಾಗಿಲನ್ನೂ ಹಾಕಿಕೊಳ್ಳುತ್ತಿದ್ದರು.

ನನ್ನನ್ನು ಸಾಕಿದವಳು ಅವಳೇ. ಅಕ್ಕ ಸತ್ತು ಕೆಲವು ವರ್ಷಗಳ ಮೇಲೆ ನಾನು ಹುಟ್ಟಿದೆ. ಅಮ್ಮ ಹೆತ್ತು, ಹಾಲು ಕುಡಿಸಿ, ನನ್ನನ್ನು ಕಲ್ಲಮ್ಮನ ಸೊಂಟಕ್ಕೆ ಏರಿಸಿದಳು. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ, ಅವಳು ನನ್ನನ್ನು ಸಣ್ಣವ್ವ ಎನ್ನುತ್ತಿದ್ದಳು. ನಾಲ್ಕು ಹನಿ ಬಿದ್ದರೆ ಸಾಕು, ಎರಡೂ ಅಂಗೈ ನನ್ನ ನೆತ್ತಿಯ ಮೇಲೆ ಇಡುತ್ತಿದ್ದಳು. ಗಾರೆ ಕೆಲಸದವರ ಕೈಯ ಹಾಗೆ ಒರಟು ಅಂಗೈ. ನನ್ನ ಬಾಲ್ಯದಲ್ಲಿ ಪ್ರೀತಿ ಅಂತ ಏನಾದರೂ ಸಿಕ್ಕಿದ್ದರೆ ಅದು ಆ ಕೈಗಳಿಂದ ಸಿಕ್ಕಿದ್ದು.

ನನಗೆ ಐದಾರು ವರ್ಷವಿದ್ದಾಗ ಹೂವಣ್ಣ ಎಂಬ ಗಾಡಿಯವನು ಬರತೊಡಗಿದ. ಚಾರ್ಮಾಡಿ ಘಾಟಿಯ ಕೆಳಗಿನಿಂದ ಉಪ್ಪು, ಒಣಮೀನು ತಂದು ಕೊಟ್ಟಿಗೆಹಾರದ ತಯ್ಯಬ್ ಸಾಹೇಬರ ಅಂಗಡಿಗೆ ಇಳಿಸಿ, ಅಲ್ಲಿಂದ ನಮ್ಮ ಎಸ್ಟೇಟಿಗೆ ಬಂದು ಕಾಫಿ ಮೂಟೆ ಹೇರಿಕೊಂಡು ಹೋಗುತ್ತಿದ್ದ. ಎತ್ತಿಗೆ ನೀರು ಕೇಳುವ ನೆವದಲ್ಲಿ ನಮ್ಮ ಬಾಗಿಲಲ್ಲಿ ನಿಲ್ಲುತ್ತಿದ್ದ. ಕಲ್ಲಮ್ಮ ನೀರು ತಂದು ಕೊಟ್ಟು ಒಳಗೆ ಬಂದಾಗ ಅವಳ ಮುಖದಲ್ಲಿ ನಾನು ಅಲ್ಲಿಯವರೆಗೆ ನೋಡದ ಒಂದು ನಗು ಇರುತ್ತಿತ್ತು. ಒಂದು ದಿನ ಅವನು ನೇರವಾಗಿ ಅಮ್ಮನನ್ನೇ ಕೇಳಿದ, ಕಲ್ಲಮ್ಮನನ್ನು ಮದುವೆಯಾಗುತ್ತೇನೆ ಎಂದ.

“ಅವಳಿಗೇನ್ ಗೊತ್ತಾಗ್ತದೆ? ಇನ್ನೂ ತಿಳುವಳಿಕೆ ಬಂದಿಲ್ಲ” ಎಂದಳು ಅಮ್ಮ. ಎಂಟು ವರ್ಷದವಳಿಗೆ ಇದ್ದ ತಿಳುವಳಿಕೆ ಇಪ್ಪತ್ತರ ಹತ್ತಿರ ಬಂದವಳಿಗೆ ಇಲ್ಲವಾಯಿತು.

ಕಲ್ಲಮ್ಮ ಆ ದಿನ ಮೊದಲ ಸಲ ಬಾಯಿ ಬಿಟ್ಟಳು. “ನಂಗೆ ಹೋಗ್ಬೇಕು ದ್ಯಾವಕ್ಕ. ಬಿಟ್ಬಿಡಿ” ಎಂದಳು. ಅಷ್ಟೇ. ಅವಳ ಜೀವಮಾನದಲ್ಲಿ ಅವಳು ಬೇಕು ಎಂದು ಕೇಳಿದ್ದು ಅದೊಂದೇ.

ಅಮ್ಮ ಬಿಡುತ್ತಿರಲಿಲ್ಲ. ಅಷ್ಟರಲ್ಲಿ ಗಿಡ್ಡಪ್ಪನಿಗೆ ಅವಳಿಂದ ಒಂದು ಕೆಲಸ ಆಗಬೇಕಾಗಿತ್ತು. ಅವನ ಸೊಸೆಗೆ ಹುಟ್ಟಿದ ಮಕ್ಕಳು ಒಂದೂ ಉಳಿಯುತ್ತಿರಲಿಲ್ಲ. ತೋಟದಂಚಿನಲ್ಲಿ ನಮ್ಮವರು ಪೂಜಿಸುವ ಚೌಡಿ ಕಲ್ಲಿತ್ತು. ಅಲ್ಲಿ ಮೈಮೇಲೆ ಬರುವ ಮುದುಕ, ‘ಈ ತೋಟದಲ್ಲಿ ಸತ್ತ ಒಂದು ಕೂಸಿನ ಪಾಪವನ್ನು ಯಾರೂ ಹೊತ್ತುಕೊಂಡಿಲ್ಲ, ಅದು ನಿನ್ನ ಮನೆ ಸುತ್ತುತ್ತಿದೆ’ ಎಂದುಬಿಟ್ಟಿದ್ದ. ಗಿಡ್ಡಪ್ಪ ಬೆವತು ಹೋದ. ತಾನು ಹೊತ್ತುಕೊಳ್ಳಬಹುದಿತ್ತು. ಹಾಗೆ ಹೊಳೆಯುವ ಜಾತಿಯ ಮನುಷ್ಯ ಅವನಲ್ಲ. ಪಾಪ ಹೊರಲು ಒಬ್ಬರು ಬೇಕು, ಒಬ್ಬಳು ಇದ್ದಾಳೆ, ಅವಳಿಗೂ ಏನೋ ಬೇಕಾಗಿದೆ ಎಂದು ಲೆಕ್ಕ ಹಾಕಿದ. ಅಮ್ಮನ ಹತ್ತಿರ ಗುಸುಗುಸು ಮಾತಾಡಿದ. ಅಮ್ಮನಿಗೂ ಅದು ಬೇಕಾಗಿತ್ತು, ಇಷ್ಟು ವರ್ಷದ ಮೇಲೂ ಟಾರ್ಪಾಲಿನ ಅಂಚು ಅವಳ ಕೈ ಬಿಟ್ಟಿರಲಿಲ್ಲ.

ಇಬ್ಬರೂ ಕಲ್ಲಮ್ಮನನ್ನು ಕೂರಿಸಿಕೊಂಡರು. ಆ ಮನೆಯಲ್ಲಿ ಅವಳನ್ನು ಚಾಪೆಯ ಮೇಲೆ ಕೂರಿಸಿದ್ದು ಅದೇ ಮೊದಲು.

“ಚೌಡಿ ಮುಂದೆ ಒಂದ್ ಮಾತು ಹೇಳ್ಬಿಡವ್ವ” ಎಂದ ಗಿಡ್ಡಪ್ಪ. “ಯಾರೂ ಕರೀಲಿಲ್ಲ, ನಾನೇ ಬಿಟ್ಟು ಹೋದೆ ಅಂತ. ಅಷ್ಟೇಯ. ನಮ್ಮ ಮನೇಲಿ ದೀಪ ಉರೀತದೆ, ದ್ಯಾವಮ್ಮನ ಹೊಟ್ಟೆಯೂ ತಣ್ಣಗಾಗ್ತದೆ, ನೀನೂ ನಿನ್ ಗಂಡನ್ ಮನೆಗೆ ಹೋಗ್ತೀಯ.”

“ನೀವು ಕರೆದ್ರಲ್ಲ ಮೇಸ್ತ್ರಣ್ಣ” ಎಂದಳು ಅವಳು. ಜಗಳದ ದನಿಯಲ್ಲ. ಅವನಿಗೆ ಮರೆತುಹೋಗಿದೆಯೇನೋ ಎಂಬ ಹಾಗೆ.

“ಹಳೇದೆಲ್ಲ ಕೆದಕಬಾರ್ದು. ದೊಡ್ಡೋಳಾಗಿದೀಯ, ತಿಳುವಳಿಕೆಯಿಂದ ಯೋಚ್ನೆ ಮಾಡು.”

ಅವಳು ಅಮ್ಮನ ಮುಖ ನೋಡಿದಳು. “ಹೇಳಿದ್ರೆ ಬಿಡ್ತೀರಾ ದ್ಯಾವಕ್ಕ?”

“ಬಿಡ್ತೀನಿ.”

ಚೌಡಿಯ ಮುಂದೆ ಸುಳ್ಳಾಡಿದರೆ ರಕ್ತ ಕಾರಿ ಸಾಯುತ್ತಾರೆ ಎಂದು ನಮ್ಮಲ್ಲಿ ಎಲ್ಲರೂ ನಂಬಿದ್ದರು, ಅವಳೂ ನಂಬಿದ್ದಳು. ಮಂಗಳವಾರ ಲೈನಿನವರೆಲ್ಲ ಸೇರಿದರು. ನಾನು ಅವಳ ಸೆರಗು ಹಿಡಿದುಕೊಂಡೇ ಇದ್ದೆ. ಅವಳು ಕಲ್ಲಿನ ಮುಂದೆ ನಿಂತು, “ಯಾರೂ ಕರೀಲಿಲ್ಲ. ನಾನೇ ಬಿಟ್ಟು ಹೋದೆ” ಎಂದಳು. ಕೋಳಿ ಕೊಯ್ದರು. ರೈಟರೂ ಬಂದು ದೂರದಲ್ಲಿ ನಿಂತಿದ್ದರು, ತಲೆಯಾಡಿಸಿ ಹೋದರು. ಹೆಂಗಸರು ಅವಳ ಬೆನ್ನು ಸವರಿ, ಎಷ್ಟು ತಿಳುವಳಿಕೆಯಿಂದ ಮಾತಾಡಿದೆ ತಾಯಿ ಎಂದರು. ಗಿಡ್ಡಪ್ಪ ತನ್ನ ಸಂಚಿಯಿಂದ ಎಲೆ ಅಡಿಕೆ ತೆಗೆದು ಕೊಟ್ಟ. ಅವಳು ಅದನ್ನು ತಿನ್ನದೆ ಸೊಂಟಕ್ಕೆ ಸಿಕ್ಕಿಸಿಕೊಂಡು, ರಕ್ತ ಬರುವುದನ್ನು ಕಾಯುವವಳಂತೆ ಸಂಜೆಯವರೆಗೂ ಬಾಯಿಗೆ ಕೈ ಇಟ್ಟುಕೊಂಡು ಕೂತಿದ್ದಳು.

ರಕ್ತ ಬರಲಿಲ್ಲ. ಸುದ್ದಿ ಹೋಯಿತು. ತಯ್ಯಬ್ ಸಾಹೇಬರ ಅಂಗಡಿಯ ಮುಂದೆ ಗಾಡಿಯವರು ಆಡಿಕೊಂಡ ಮಾತು ಹೂವಣ್ಣನ ತಾಯಿಯ ಕಿವಿಗೆ ಬಿತ್ತು. ಕೂಸನ್ನು ಮಳೆಯಲ್ಲಿ ಸಾಯಲು ಬಿಟ್ಟವಳಂತೆ, ದೇವರ ಮುಂದೆ ಅವಳೇ ಒಪ್ಪಿಕೊಂಡಳಂತೆ. ಅಂಥವಳ ಕೈಗೆ ನನ್ನ ಮೊಮ್ಮಕ್ಕಳನ್ನು ಕೊಡಲೇ ಎಂದು ಆ ಮುದುಕಿ ಬಾವಿಕಟ್ಟೆ ಹತ್ತಿ ಕೂತಳಂತೆ. ಹೂವಣ್ಣ ಬಂದವನು ಎತ್ತು ಬಿಚ್ಚಲಿಲ್ಲ, ನೀರನ್ನೂ ಕೇಳಲಿಲ್ಲ.

“ಸುಳ್ಳು ಅಂತ ನಂಗೊತ್ತು ಕಲ್ಲಮ್ಮ” ಎಂದ. “ಹೇಳೋಕ್ ಮುಂಚೆ ನನ್ನ ಒಂದ್ ಮಾತು ಕೇಳ್ಬಾರ್ದಿತ್ತಾ? ಚೌಡಿ ಮುಂದೆ ಆಡಿದ್ದನ್ನ ನಾನ್ ಯಾರಿಗೆ ಹೋಗಿ ಸುಳ್ಳು ಅನ್ಲಿ? ಅವ್ವ ಸಾಯ್ತೀನಿ ಅಂತಾಳೆ. ನೀನೇ ತಿಳುವಳಿಕೆಯಿಂದ ಅರ್ಥ ಮಾಡ್ಕೋಬೇಕು.”

ಕೆಟ್ಟವನೇನಲ್ಲ, ಹೇಡಿ. ಹೇಡಿಗಳು ಕೆಟ್ಟವರಿಗಿಂತ ಹೆಚ್ಚು ಕೇಡು ಮಾಡಿದ್ದನ್ನು ನಾನು ನೋಡಿದ್ದೇನೆ. ಗಾಡಿ ತಿರುವು ದಾಟುವವರೆಗೂ ಕಲ್ಲಮ್ಮ ನಿಂತಿದ್ದಳು. ಆಮೇಲೆ ಅವನಿಗೆಂದು ತಂದಿಟ್ಟಿದ್ದ ನೀರಿನಲ್ಲಿ ಪಾತ್ರೆ ತೊಳೆದಳು. ಅಮ್ಮ ಒಳಗಿನಿಂದ, “ನಾನಂತೂ ಬಿಟ್ಟಿದ್ದೆ, ಯಾರೂ ಕರ್ಕೊಂಡ್ ಹೋಗ್ಲಿಲ್ಲ ಅಂದ್ರೆ ನಾನೇನ್ ಮಾಡ್ಲಿ” ಎಂದಳು. ಆ ವರ್ಷವೂ ಹೂಮಳೆ ಬಿತ್ತು, ಅಮ್ಮ ಬಾಗಿಲು ಹಾಕಿದಳು.

ಮತ್ತೆರಡು ಕೊಯ್ಲು ಕಳೆಯಿತು. ಕಾಫಿಯ ಬೆಲೆ ನೆಲ ಕಚ್ಚಿದ್ದ ಕಾಲ ಅದು, ಸಾಹುಕಾರರ ಮೂಗಿನ ತುದಿಯಲ್ಲೇ ಸಿಟ್ಟು ಇರುತ್ತಿತ್ತು. ಆ ವರ್ಷ ಜೋಲಿ ಕಾಯಲು ಗಿಡ್ಡಪ್ಪ ನನ್ನನ್ನು ಹಚ್ಚಿದ. ನನಗೂ ಹಾಲುಹಲ್ಲು ಪೂರ್ತಿ ಬಿದ್ದಿರಲಿಲ್ಲ. “ದ್ಯಾವಮ್ಮನ ಮಗಳಿಗೆ ತಿಳುವಳಿಕೆ ಇದೆ” ಎಂದಾಗ ನಾನು ಉಬ್ಬಿಹೋದೆ. ಕಲ್ಲಮ್ಮ ಬೇಡ ಎಂದಳು, ಅವಳ ಮಾತು ಕೇಳುವವರು ಯಾರು. ಹಗ್ಗ ಪೋಣಿಸುವುದನ್ನು ನನಗೆ ಅವಳೇ ಹೇಳಿಕೊಟ್ಟಳು. ಕೈ ಹಿಡಿದು ಗಂಟು ಹಾಕಿಸಿದಳು.

ಮತ್ತೆ ಅಂಥದೇ ಮಧ್ಯಾಹ್ನ, ಅಂಥದೇ ಮೋಡ. ಗಂಟೆ ಹೊಡೆಯಿತು. ಗಿಡದ ಸಾಲುಗಳಿಂದ ಹೆಂಗಸರು ಕಣದ ಕಡೆಗೆ ಓಡಿದರು. ಮೊದಲ ಹನಿಗಳು ಹಲಸಿನ ಎಲೆಯ ಮೇಲೆ ಪಟಪಟ ಬಿದ್ದವು. ಮುದುಕನಾಗಿದ್ದ ಗಿಡ್ಡಪ್ಪ ಏದುಸಿರು ಬಿಡುತ್ತ ಬಂದವನು ನನ್ನನ್ನು ನೋಡಿ ನಿಂತ.

“ಏನೇ, ಗಂಟೆ ಕೇಳ್ಲಿಲ್ವಾ? ತಿಳುವಳಿಕೆ ಬ್ಯಾಡ್ವಾ? ಓಡು!”

ನಾನು ಹಗ್ಗ ಬಿಟ್ಟು ಓಡಲು ತಿರುಗಿದೆ. ನಿಜ ಹೇಳುತ್ತೇನೆ, ಒಂದು ಚೂರೂ ಯೋಚಿಸಲಿಲ್ಲ. ಅಷ್ಟರಲ್ಲಿ ಕಣದ ಕಡೆಯಿಂದ, ಎಲ್ಲರೂ ಓಡುತ್ತಿದ್ದುದರ ಎದುರಿಗೆ, ಕಲ್ಲಮ್ಮ ಓಡಿ ಬಂದಳು. ಆ ದಿನ ಕಣದಲ್ಲೇ ಕೆಲಸಕ್ಕಿದ್ದ ಅವಳು ಆಗಲೇ ಟಾರ್ಪಾಲಿನ ಅಂಚು ಹಿಡಿದು ನಿಂತಿದ್ದವಳು. ಕಣದಲ್ಲಿ ಕಣ್ಣಾಡಿಸಿ, ಮೇಸ್ತ್ರಿ ಇನ್ನೂ ಬಂದಿಲ್ಲ, ಹಲಸಿನ ಮರದ ದಾರಿಯಲ್ಲಿ ಬರುವವನು ನನ್ನನ್ನೂ ಓಡಿಸುತ್ತಾನೆ ಎಂದು ಅಂಚು ಬಿಟ್ಟು ಬಂದಿದ್ದಳು. ಗಿಡ್ಡಪ್ಪನನ್ನು ಕೈಯಿಂದ ಪಕ್ಕಕ್ಕೆ ಸರಿಸಿದಳು. ನನ್ನ ಭುಜ ಹಿಡಿದು ಮರದ ಬುಡಕ್ಕೆ ಕೂರಿಸಿದಳು.

“ನೀನು ಮಗು ಕಣೆ ಸಣ್ಣವ್ವ” ಎಂದಳು. “ಸುಮ್ನೆ ಕೂತ್ಕೋ.”

ಕೂಸುಗಳನ್ನು ಒಂದೊಂದಾಗಿ ಜೋಲಿಯಿಂದ ತೆಗೆದು ನನ್ನ ಮಡಿಲಿಗೂ ಸುತ್ತಲೂ ಒತ್ತರಿಸಿದಳು. ಮೇಲೆ ತನ್ನ ಕರಿ ಕಂಬಳಿ ಹರಡಿ, ಅದರ ಮೇಲೆ ತಾನು ಕೋಳಿಯ ಹಾಗೆ ಕವಿದು ಕೂತಳು. ಮಳೆ ಹುಚ್ಚು ಹಿಡಿದಂತೆ ಹೊಯ್ಯಿತು. ಕಂಬಳಿಯ ಒಳಗೆ ಕತ್ತಲೆ, ಕೂಸುಗಳ ಹಾಲುವಾಸನೆ, ನಮ್ಮೆಲ್ಲರ ಉಸಿರಿನ ಬಿಸಿ. ಒಂದು ಕೂಸೂ ನೆನೆಯಲಿಲ್ಲ.

ಕಣದಲ್ಲಿ ಅವಳು ಬಿಟ್ಟ ಅಂಚನ್ನು ಗಾಳಿ ಎತ್ತಿ ಹಾಕಿತ್ತು. ಒಂದು ದೊಡ್ಡ ಗುಡ್ಡೆ ಪಾರ್ಚ್‌ಮೆಂಟ್ ನೀರಿನ ಜೊತೆ ಚರಂಡಿಗೆ ಹರಿದಿತ್ತು.

ಆ ಸಂಜೆಯೇ ಅದೇ ಜಗಲಿ, ಅದೇ ಕುರ್ಚಿ. ಸಾಹುಕಾರರ ತಲೆ ನರೆತಿತ್ತು ಅಷ್ಟೆ. ಅವರಿಗೆ ಹಳೆಯದು ನೆನಪಿತ್ತೋ ಇಲ್ಲವೋ, ಪ್ರಶ್ನೆ ಮಾತ್ರ ಅದನ್ನೇ ಕೇಳಿದರು.

“ಯಾಕೆ ಬಿಟ್ಟು ಹೋದೆ?”

ಕಲ್ಲಮ್ಮ ತಲೆ ಎತ್ತಿದಳು. “ಯಾರೂ ಕರೀಲಿಲ್ಲ ಸಾವ್ಕಾರ್ರೇ. ಈ ಸಲ ನಾನೇ ಬಿಟ್ಟು ಹೋದೆ” ಎಂದಳು.

ಗಿಡ್ಡಪ್ಪ ಕಂಬದ ಹಿಂದೆ ಸರಿದ. ಅವಳು ಕಾಪಾಡಿದ ಕೂಸುಗಳ ತಾಯಂದಿರು ಕೂಸುಗಳನ್ನು ಎದೆಗವಚಿಕೊಂಡು ಅಲ್ಲೇ ನಿಂತಿದ್ದರು, ನೆಲ ನೋಡುತ್ತ.

“ಇಷ್ಟು ವರ್ಷ ಅನ್ನ ಹಾಕಿ ಸಾಕಿದ್ರೂ ತಿಳುವಳಿಕೆ ಬರ್ಲಿಲ್ಲ” ಎಂದರು ಸಾಹುಕಾರರು. ಕತ್ತಲಾಗುವುದರೊಳಗೆ ಎಸ್ಟೇಟು ಬಿಡಬೇಕೆಂದರು. ಹಾಗೆ ಅವಳಿಗೆ ಕೊನೆಗೂ ಬಿಡುಗಡೆ ಸಿಕ್ಕಿತು.

ಅವಳಿಗೆ ಕಟ್ಟಿಕೊಳ್ಳಲು ಏನೂ ಇರಲಿಲ್ಲ. ಮಳೆ ಇನ್ನೂ ಬೀಳುತ್ತಿತ್ತು, ಕಂಬಳಿಯನ್ನು ಮಡಿಸಿ ತಲೆಯ ಮೇಲಿಂದ ಕೊಪ್ಪೆ ಹಾಕಿಕೊಂಡು ನಮ್ಮ ಬಾಗಿಲಿಗೆ ಬಂದಳು. ಇನ್ನೇನು ಮೆಟ್ಟಿಲು ಇಳಿಯಬೇಕು, ಅಮ್ಮ ಹೊರಗೆ ಬಂದಳು. ಕಲ್ಲಮ್ಮನ ಕಾಲಿಗೆ ಬೀಳುತ್ತಾಳೆ ಎಂದುಕೊಂಡೆ. ಈ ಸಲ ಕಂಬಳಿಯೊಳಗೆ ಬೆಚ್ಚಗೆ ಉಳಿದದ್ದು ತನ್ನ ಮಗಳು ಎಂದು ಅಮ್ಮನಿಗೆ ಗೊತ್ತಿತ್ತು. ಕಲ್ಲಮ್ಮ ಬಿಟ್ಟ ಅಂಚಿನ ಪಕ್ಕದ ಅಂಚನ್ನು ಹಿಡಿದು ನಿಂತಿದ್ದವಳು ಅಮ್ಮನೇ.

“ಕಂಬಳಿ ಬಿಚ್ಚಿಟ್ಟು ಹೋಗು” ಎಂದಳು ಅಮ್ಮ. “ಅದು ನಮ್ಮನೇದು.”

ಕಲ್ಲಮ್ಮ ಕಂಬಳಿ ತೆಗೆದು, ನೀರು ಕೊಡವಿ, ನಾಲ್ಕು ಮಡಿಕೆ ಮಾಡಿ ಜಗಲಿಯ ಮೇಲಿಟ್ಟಳು. ಅಡುಗೆಮನೆಯ ಮೂಲೆಯಲ್ಲಿದ್ದ ಒಂದು ಹರಕು ಗೋಣಿಯನ್ನು ನಾನು ಓಡಿಹೋಗಿ ತಂದು ಕೊಟ್ಟೆ. ಅದನ್ನು ತಲೆಗೆ ಹಾಕಿಕೊಂಡು, ನನ್ನ ನೆತ್ತಿಯ ಮೇಲೆ ಒಮ್ಮೆ ಅಂಗೈ ಇಟ್ಟು, ಕೊಟ್ಟಿಗೆಹಾರದ ದಾರಿ ಹಿಡಿದಳು. ನಾನು ಅಕ್ಕಾ ಎಂದು ಕಿರುಚಿ ಹಿಂದೆ ಓಡಹೋದೆ. ಅಮ್ಮ ನನ್ನ ರಟ್ಟೆ ಹಿಡಿದು, “ಏಳು ವರ್ಷ ತುಂಬಿದೆ, ತಿಳುವಳಿಕೆಯಿಂದ ಇರು” ಎಂದಳು.

ಆಮೇಲೆ ಅವಳು ಹೊರನಾಡಿನ ದೇವಸ್ಥಾನದಲ್ಲಿ ಉಂಡ ಎಲೆ ಎತ್ತುವುದನ್ನು ನೋಡಿದೆ ಎಂದು ಒಬ್ಬರು ಹೇಳಿದರು. ಘಾಟಿಯಲ್ಲಿ ಜ್ವರ ಬಂದು ಬಿದ್ದಿದ್ದಳು ಎಂದು ಇನ್ನೊಬ್ಬರು. ಯಾವುದು ನಿಜವೋ ಯಾರೂ ಹೋಗಿ ನೋಡಲಿಲ್ಲ. ಅಮ್ಮ ಆ ಕಂಬಳಿಯನ್ನು ಒಲೆಯ ಹತ್ತಿರ ಹರವಿ ಒಣಗಿಸಿದಳು. ಮಲಗುವಾಗ ಅದನ್ನು ನನಗೆ ಹೊದಿಸಿದಳು. ನಾನು ಅತ್ತೆ, ಕಾಲು ಝಾಡಿಸಿದೆ, ಬೇಡ ಎಂದೆ. ಆಮೇಲೆ ಚಳಿಗೆ ಅದನ್ನೇ ಎಳೆದುಕೊಂಡೆ. ಬೆಚ್ಚಗಿತ್ತು.